ಏಳು ಕುರ್ಚಿ ಎತ್ತುವ ಕೆಲಸ

ಲಂಡನ್ನಿನ ಒಂದು ಸಣ್ಣ ರಂಗಮಂದಿರದಲ್ಲಿ ನಾನು ಸ್ಟೇಜ್ ಮ್ಯಾನೇಜರ್. ಬ್ರಿಟನ್ನಿನ ಹಿಂದಿನ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಮೇಲೇರಿ ಕೆಳಗಿಳಿದ ಕಥೆಯನ್ನು ರಂಗಕ್ಕೆ ತಂದಾಗ ನನಗೆ ಗೊತ್ತಾದದ್ದು ಇಷ್ಟು: ಏರುವುದನ್ನು ನಟ ತೋರಿಸುತ್ತಾನೆ, ಬೀಳುವುದನ್ನು ನೇಪಥ್ಯದವರೇ ತೋರಿಸಬೇಕು.

ಏರಿದ್ದು ಸಲೀಸಾಗಿ ಕೂತಿತು. 1957ರ ಜನವರಿಯಲ್ಲಿ ಸೂಯೆಜ್ ಪ್ರಕರಣದ (ಈಜಿಪ್ಟಿನ ಸೂಯೆಜ್ ಕಾಲುವೆಗಾಗಿ ನಡೆಸಿ ಕೈಸುಟ್ಟುಕೊಂಡ ದಾಳಿ) ಬೆನ್ನಿಗೇ ಪ್ರಧಾನಿ ಈಡನ್ ಹೋದರು, ಇವರು ಬಂದರು. 1959ರ ಚುನಾವಣೆಯಲ್ಲಿ ನೂರು ಸ್ಥಾನಗಳ ಬಹುಮತ. ಬೆಳಕು, ಸಂಗೀತ, ಚಪ್ಪಾಳೆ. ಒದ್ದಾಡಿದ್ದು 1962ರ ಜುಲೈ ದೃಶ್ಯಕ್ಕೆ. ಹಣಕಾಸು ಸಚಿವ ಸೆಲ್ವಿನ್ ಲಾಯ್ಡ್ ಸೇರಿ ಸಂಪುಟದ ಏಳು ಮಂದಿಯನ್ನು ಮ್ಯಾಕ್‌ಮಿಲನ್ ಒಂದೇ ಏಟಿಗೆ ಮನೆಗೆ ಕಳಿಸಿದ್ದರು. ಅಂದರೆ ಸಂಪುಟದ ಮೂರನೇ ಒಂದು ಭಾಗ!

ರಂಗ ಕತ್ತಲು ಮಾಡಿ ಏಳು ಕುರ್ಚಿ ತೆಗೆದು ಮತ್ತೆ ಬೆಳಕು ಕೊಡೋಣ ಅಂತ ನಿರ್ದೇಶಕರ ಲೆಕ್ಕ. ತಾಲೀಮಿನಲ್ಲಿ ನೋಡಿದರೆ ಬಾಡಿಗೆ ಮನೆ ಖಾಲಿ ಮಾಡಿದ ಹಾಗಿತ್ತು. ಕತ್ತಲನ್ನೇ ಕಿತ್ತು ಹಾಕಿದೆವು. ಈಗ ಪೂರ್ತಿ ಬೆಳಕಿನಲ್ಲಿ, ಕಪ್ಪು ಬಟ್ಟೆಯ ನಮ್ಮ ಹುಡುಗಿ ಬಂದು ನಿಲ್ಲುತ್ತಾಳೆ, ಸಚಿವ ಎದ್ದು ಹೋಗುತ್ತಾನೆ, ಅವಳು ಕುರ್ಚಿ ಎತ್ತಿಕೊಂಡು ಹೋಗುತ್ತಾಳೆ. ಪ್ರಧಾನಿ ಕಾಗದದಿಂದ ತಲೆ ಎತ್ತುವುದಿಲ್ಲ. ಕುರ್ಚಿಗೊಂದು ಕ್ಯೂ, ಅಂದರೆ ನಾನು ಕೊಡುವ ಸನ್ನೆ. ಎರಡನೆಯದಕ್ಕೆ ಜನ ನಗುತ್ತಾರೆ, ಐದನೆಯ ಹೊತ್ತಿಗೆ ನಗು ಇಂಗುತ್ತದೆ. ಪೂರ್ತಿ ಇಂಗುವ ತನಕ ಆರನೆಯ ಕ್ಯೂ ಕೊಡಬಾರದು. ಇದನ್ನು ಗಡಿಯಾರ ನೋಡಿ ಮಾಡಲಾಗದು, ಕಿವಿಯಿಂದಲೇ ಆಗಬೇಕು. ಲಿಬರಲ್ ಸಂಸದ ಜೆರೆಮಿ ಥಾರ್ಪ್ ಗೆಳೆಯರಿಗಾಗಿ ಪ್ರಾಣ ಕೊಡುವ ಬೈಬಲ್ ಮಾತನ್ನು ತಿರುಚಿ, ಈತ ತನ್ನ ಪ್ರಾಣಕ್ಕಾಗಿ ಗೆಳೆಯರನ್ನೇ ಕೊಟ್ಟ ಎಂದು ಕುಟುಕಿದ್ದರಲ್ಲ, ಆ ಸಾಲು ಏಳನೆಯ ಕುರ್ಚಿ ಹೋದ ಮೇಲೆಯೇ. ಮೊದಲೇ ಹೇಳಿದರೆ ಬರೀ ಜೋಕು.

ಯುದ್ಧ ಸಚಿವ ಪ್ರೊಫ್ಯೂಮೋ ತನ್ನ ಅಕ್ರಮ ಸಂಬಂಧದ ಬಗ್ಗೆ ಸಂಸತ್ತಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದ ಹಗರಣವನ್ನು ಬೇಗ ದಾಟಿಸುತ್ತೇವೆ, ಅದು ಎಲ್ಲರಿಗೂ ಗೊತ್ತಿರುವುದೇ. ಕೊನೆಗೆ 1963ರ ಅಕ್ಟೋಬರ್. ಪ್ರಾಸ್ಟೇಟ್ ತೊಂದರೆಯಿಂದ ಆಸ್ಪತ್ರೆ ಸೇರಿದ ಮ್ಯಾಕ್‌ಮಿಲನ್ನರ ರಾಜೀನಾಮೆಯ ಸುದ್ದಿಯನ್ನು ಬ್ಲ್ಯಾಕ್‌ಪೂಲಿನ ಕನ್ಸರ್ವೇಟಿವ್ ಪಕ್ಷದ ಸಮ್ಮೇಳನದಲ್ಲಿ ವಿದೇಶಾಂಗ ಸಚಿವ ಲಾರ್ಡ್ ಹೋಮ್ ಓದಿ ಹೇಳಿದರು. ಮುಂದಿನ ಪ್ರಧಾನಿಯಾದವರೂ ಅವರೇ. ಪ್ರಧಾನಿಯ ಪಾತ್ರದ ನಟರಿಗೆ ಆಸ್ಪತ್ರೆಯ ಮಂಚ ರಂಗದ ನಡುವೆ ಬೇಕಿತ್ತು, ಒಂದು ಉದ್ದನೆಯ ವಿದಾಯ ಭಾಷಣವೂ ಬೇಕಿತ್ತು. ನಡುವಿನ ಜಾಗವನ್ನು ಸಮ್ಮೇಳನಕ್ಕೆ ಬಿಟ್ಟು ಮಂಚವನ್ನು ಮೂಲೆಗೆ ತಳ್ಳಿದೆವು. ಅವರು ಬಾಯಿ ತೆರೆಯುವ ಹೊತ್ತಿಗೆ ಬೆಳಕು ಬ್ಲ್ಯಾಕ್‌ಪೂಲಿನ ಮೇಲಿರುತ್ತದೆ.

ಮ್ಯಾಕ್‌ಮಿಲನ್ನರ ಕಾಯಿಲೆ ಅವರು ಹೆದರಿದಷ್ಟು ದೊಡ್ಡದಾಗಿರಲಿಲ್ಲ. 1986ರವರೆಗೂ ಬದುಕಿದ್ದರು. ಆ ಇಳಿವಯಸ್ಸಿನ ದೃಶ್ಯವನ್ನೂ ಕತ್ತರಿಸಿದೆವು. ನಟರು ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾರೆ.