ಆಯಿಯ ಹೆಸರಿಲ್ಲದ ಕಾಗದಗಳು

ನಮ್ಮಜ್ಜನ ಕಾಗದಗಳಲ್ಲಿ ಯುದ್ಧ ಎಲ್ಲೂ ಇಲ್ಲ. ಹಿಂಗಾರಿ ಜೋಳ ಇದೆ, ಸೊಸೈಟಿ ಸಾಲ ಇದೆ, ಕುಂಟುವ ಎತ್ತು ಇದೆ. 1971ರ ಚಳಿಗಾಲದಲ್ಲಿ ಅವರು 1 ಮರಾಠಾ ಪಲ್ಟನ್ನಿನ ಸಿಪಾಯಿ. ಕಳಿಸಿದವರ ವಿಳಾಸದ ಜಾಗದಲ್ಲಿ ನಂಬರು, ಹೆಸರು, ಪಲ್ಟನ್, ಕೊನೆಗೆ 99 ಎ.ಪಿ.ಓ. ಅನ್ನುವ ಸೈನ್ಯದ ಅಂಚೆ ಕಚೇರಿಯ ನಂಬರು, ಅಷ್ಟೇ. ಎಲ್ಲಿದ್ದೇವೆ ಅಂತ ಬರೆಯುವ ಹಾಗಿರಲಿಲ್ಲ.

ಎಲ್ಲ ಕಾಗದವೂ ಶುರುವಾಗುವುದು 'ತೀರ್ಥರೂಪ ತಂದೆಯವರಿಗೆ ಸಾಷ್ಟಾಂಗ ನಮಸ್ಕಾರಗಳು' ಅಂತ. ಹೆಂಡತಿಗೆ, ಅಂದರೆ ನಮ್ಮ ಆಯಿಗೆ, ಬರೆದದ್ದು ಒಂದೂ ಇಲ್ಲ. ಅವಳ ಹೆಸರೂ ಇಲ್ಲ. ಬೈಲಹೊಂಗಲದ ಹತ್ತಿರದ ನಮ್ಮ ಹಳ್ಳಿಯಲ್ಲಿ ಹೆಂಡತಿಗೆ ಬೇರೆ ಕಾಗದ ಬರೆದರೆ ಮಂದಿ ನಗುತ್ತಿದ್ದ ಕಾಲ ಅದು. ಆಯಿಗೆ ಓದಲೂ ಬರುತ್ತಿರಲಿಲ್ಲ. ಸಾಲಿ ಮಾಸ್ತರರು ಕಟ್ಟೆ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಎದುರಿಗೆ ಮುತ್ತಜ್ಜ, ಸುತ್ತ ಓಣಿಯ ಮಂದಿ. ಆಯಿ ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಳ್ಳಬೇಕು.

ಹಾಗಾದ್ರೆ ನಿನಗೇನು ಬಂತು ಅಂತ ಒಮ್ಮೆ ಕೇಳಿದೆ. "ಇಲ್ಲಿ ಬರೇ ಅನ್ನ, ರೊಟ್ಟಿ ಸಿಗೂದಿಲ್ಲ ಅಂತ ಬರದ್ರ ಅದು ನನಗ. ಎತ್ತಿನ ಮಾತು ಮಾವನಿಗೆ" ಅಂದಳು.

ಇಲ್ಲಿಂದ ಹೋದ ಕಾಗದಗಳು ಒಂದೂ ಉಳಿದಿಲ್ಲ. ಬೆನ್ನ ಮೇಲೆ ಮನೆ ಹೊತ್ತು ನಡೆಯುವ ಸಿಪಾಯಿ ಕಾಗದ ಎಲ್ಲಿ ಇಟ್ಟುಕೊಳ್ಳಬೇಕು? ಅಜ್ಜನ ಉತ್ತರ ನೋಡಿಯೇ ಪ್ರಶ್ನೆ ಊಹಿಸಬೇಕು. 'ಹುಡುಗನಿಗೆ ಮೈಲಿ ಹಾಕಿಸಿದ್ದು ತಿಳಿಯಿತು, ಜ್ವರ ಬಂದರೆ ಹೆದರಬಾರದು' ಎಂದು ಒಂದು ಕಡೆ ಇದೆ. ಸಿಡುಬಿನ ಲಸಿಕೆಯ ಈ ಸುದ್ದಿಯನ್ನು ಮುತ್ತಜ್ಜ ಬರೆಸಿರಲಾರರು. ಅವರಿಗೆ ಮಕ್ಕಳ ಜ್ವರ ಲೆಕ್ಕಕ್ಕಿರಲಿಲ್ಲ. ಮಾಸ್ತರರ ಹೆಂಡತಿಯ ಕಡೆಯಿಂದ ಈ ಸಾಲು ಹೇಗೋ ಒಳಗೆ ಸೇರಿತಂತೆ. ಅದು ಹೇಗೆ ಅಂತ ಆಯಿ ಇವತ್ತಿಗೂ ಹೇಳುವುದಿಲ್ಲ, ಸುಮ್ನೆ ನಗುತ್ತಾಳೆ.

ನವೆಂಬರ್ 24ರ ಕಾಗದ ಆದ ಮೇಲೆ ಮುಂದಿನದು ಡಿಸೆಂಬರ್ 20ರದು. ನಡುವೆ ಏನಾಯಿತು ಅಂತ ನಾನು ಓದಿದ್ದು ಯುದ್ಧದ ಇತಿಹಾಸದಲ್ಲಿ. ಡಿಸೆಂಬರ್ 3ಕ್ಕೆ ಪಾಕಿಸ್ತಾನದ ಜೊತೆ ಯುದ್ಧ ಶುರು. 1 ಮರಾಠಾ ಇದ್ದ 95ನೇ ಮೌಂಟನ್ ಬ್ರಿಗೇಡ್ ಉತ್ತರದಿಂದ ಇಳಿದು, ಬ್ರಹ್ಮಪುತ್ರ ದಾಟಿ, ಈಗಿನ ಬಾಂಗ್ಲಾದೇಶದ ಜಮಾಲ್‌ಪುರದ ಬೆನ್ನಿಗೆ ಹೋಗಿ ನಿಂತಿತು. ಅಲ್ಲೂ ಒಂದು ಕಾಗದದ ಕಥೆ ಇದೆ. ಶರಣಾಗಿ ಅಂತ ನಮ್ಮ ಕಡೆಯ ಬ್ರಿಗೇಡಿಯರ್ ಕ್ಲೇರ್ ಬರೆದು ಕಳಿಸಿದರು. ಜಮಾಲ್‌ಪುರದಲ್ಲಿದ್ದ ಪಾಕಿಸ್ತಾನದ ಕರ್ನಲ್ ಸುಲ್ತಾನ್ ಅಹ್ಮದ್, ಪೆನ್ನು ಬಿಟ್ಟು ಸ್ಟೆನ್‌ಗನ್ ಹಿಡಿದು ಬನ್ನಿ ಅನ್ನುವ ಅರ್ಥದ ಉತ್ತರದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ. 10ರ ರಾತ್ರಿ ಪಾಕಿಸ್ತಾನದ ಸೈನಿಕರು ಹೊರಗೆ ನುಗ್ಗಿದಾಗ ದಾರಿಗೆ ಅಡ್ಡ ಇದ್ದದ್ದು ನಮ್ಮಜ್ಜನ ಪಲ್ಟನ್. ಆಮೇಲೆ ಟಾಂಗೈಲ್ ಕಡೆ ಓಟ. ಅಲ್ಲಿ ಪೂಂಗ್ಲಿ ಸೇತುವೆ ಹತ್ತಿರ ಪ್ಯಾರಾಶೂಟಿನಲ್ಲಿ ಆಕಾಶದಿಂದ ಇಳಿದಿದ್ದ 2 ಪ್ಯಾರಾ ಪಲ್ಟನ್ನಿನವರನ್ನು ಕೂಡಿಕೊಂಡರು. ಆ 2 ಪ್ಯಾರಾ ಕೂಡ ಮೊದಲು ಮರಾಠಾ ಪಲ್ಟನ್ನೇ. 16ಕ್ಕೆ ಢಾಕಾದಲ್ಲಿ ಶರಣಾಗತಿ.

ಊರಲ್ಲಿ ಇದರ ಒಂದು ಅಕ್ಷರವೂ ಗೊತ್ತಿಲ್ಲ. ರೇಡಿಯೋ ಇದ್ದದ್ದು ಒಬ್ಬ ಗೌಡರ ಮನೆಯಲ್ಲಿ. ಅದರಲ್ಲಿ ಪಲ್ಟನ್ನಿನ ಹೆಸರು ಬರುವುದಿಲ್ಲ, ಸಿಪಾಯಿಯ ಹೆಸರಂತೂ ದೂರ. ಅಂಚೆಯವ ಮನೆ ಮುಂದೆ ಸೈಕಲ್ ನಿಲ್ಲಿಸದೆ ಹೋದರೆ ಸಾಕು, ತಾರು ಬಂದಿಲ್ಲ ಅಂತ ಆಯಿಗೆ ಜೀವ ಬಂದಂತಾಗುತ್ತಿತ್ತು. ಎಳ್ಳಮಾಸಿ ಆ ವರ್ಷ ಡಿಸೆಂಬರ್ 17ಕ್ಕೆ. ಯುದ್ಧ ಗೆದ್ದ ಸುದ್ದಿ ಹಿಂದಿನ ಸಂಜೆಯಷ್ಟೇ ಬಂದಿತ್ತು. ಊರೆಲ್ಲ ಗಾಡಿ ಕಟ್ಟಿ ಹೊಲಕ್ಕೆ ಹೊರಟಿತು. ಗೆದ್ದದ್ದು ಗೊತ್ತು, ಗಂಡ ಇದ್ದಾನೋ ಇಲ್ಲವೋ ಗೊತ್ತಿಲ್ಲ. ಆಯಿ ಸಜ್ಜಿರೊಟ್ಟಿ ಮಾಡಿದಳು, ಪುಂಡಿಪಲ್ಯ ಮಾಡಿದಳು, ಅತ್ತೆಯ ಜೊತೆ ಹೋಗಿ ಭೂತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲಿ ಬಂದಳು. ಮಾಡದೆ ಇದ್ದರೆ ಅಪಶಕುನ ಅಲ್ವಾ?

20ರ ಕಾಗದ ಬೇರೆಯವರ ಅಕ್ಷರದಲ್ಲಿದೆ. ಅಜ್ಜನ ಅಕ್ಷರ ಬಲಕ್ಕೆ ವಾಲುತ್ತದೆ, ಇದು ದುಂಡಗೆ. 'ಲಡಾಯಿ ಮುಗಿಯಿತು. ನಾನು ಆರಾಮ ಇದ್ದೇನೆ. ಬಲಗೈ ಸ್ವಲ್ಪ ನೋಯುತ್ತಿರುವುದರಿಂದ ಗೆಳೆಯನಿಂದ ಬರೆಸಿದ್ದೇನೆ. ಚರಗ ಚೆಲ್ಲಿದಿರೋ ಹೇಗೆ?' ಆಮೇಲೆ ಮತ್ತೆ ಎತ್ತು. ಆ 'ಸ್ವಲ್ಪ ನೋವು' ಎಷ್ಟಿತ್ತೆಂದರೆ, ಸಾಯುವವರೆಗೂ ಅಜ್ಜನ ಎರಡು ಬೆರಳು ಮಡಚುತ್ತಿರಲಿಲ್ಲ. ನಾವು ಮಕ್ಕಳು ಕೇಳಿದರೆ ಕಬ್ಬಿನ ಗಾಣಕ್ಕೆ ಸಿಕ್ಕಿತ್ತು ಅನ್ನುತ್ತಿದ್ದರು. ನನಗೆ ಈಗಲೂ ಅವರ ಮೇಲೆ ಸ್ವಲ್ಪ ಸಿಟ್ಟಿದೆ. ಎತ್ತಿನ ಕಾಲಿನ ಬಗ್ಗೆ ಅರ್ಧ ಪುಟ ಬರೆದ ಮನುಷ್ಯ ತನ್ನ ಕೈಗೆ ಒಂದೇ ಸಾಲು ಕೊಟ್ಟಿದ್ದಾರೆ.

ಜನವರಿಯ ಕಾಗದದಲ್ಲಿ 60 ರೂಪಾಯಿ ಮನಿಆರ್ಡರ್ ಸುದ್ದಿ ಇದೆ. 'ಇದರಲ್ಲಿ ಮನೆಯಾಕೆಗೆ ಒಂದು ಇಳಕಲ್ ಸೀರೆ ತರುವುದು.' ಅಷ್ಟೂ ಕಾಗದಗಳಲ್ಲಿ ಆಯಿಯ ಬಗ್ಗೆ ನೇರವಾಗಿ ಇರುವ ಮಾತು ಇದೊಂದೇ. ನಾನು ಓದಿ ಹೇಳಿದೆ. ಸೀರೆ ಯಾವ ಬಣ್ಣದ್ದು ಅಂತಲೂ ಕೇಳಿದೆ.

"ಎಲ್ಲೀ ಸೀರಿ?" ಅಂದಳು ಆಯಿ. "ಆ ರೊಕ್ಕ ಕೊಟ್ಟು ನಿಮ್ಮ ಮುತ್ತಜ್ಜ ಕುಂಟೆತ್ತು ಬದ್ಲಿ ಮಾಡ್ಕೊಂಡು ಬಂದ್ರು. ಅದೂ ಕುಂಟತಿತ್ತು."