‘ರಗ’ ಎಂದು ಬರೆದ ಚೀಟಿ

ಜೂನ್ ತಿಂಗಳ ಕೊನೆಯ ವಾರ ನಮ್ಮ ನಲಿ-ಕಲಿ ಕೋಣೆಗೆ ಹದಿನಾಲ್ಕು ಬಗೆಯ ಬೀಜಗಳು ಬಂದವು. ‘ನಿಮ್ಮ ಮನೆಯಲ್ಲಿ ಯಾವ ಬೀಜವಿದೆಯೋ ಅದನ್ನು ಒಂದು ಹಿಡಿ ತನ್ನಿ’ ಎಂದಷ್ಟೇ ನಾನು ಹೇಳಿದ್ದೆ. ಹುಚ್ಚೆಳ್ಳು ಬೆಂಕಿಪೊಟ್ಟಣದಲ್ಲಿ ಬಂತು, ಸಾಸಿವೆ ಕಾಗದದ ಪೊಟ್ಟಣದಲ್ಲಿ ಬಂತು, ಹುಣಸೆ ಬೀಜಗಳು ಚಡ್ಡಿಯ ಜೇಬಿನಿಂದ ನೇರವಾಗಿ ನನ್ನ ಮೇಜಿನ ಮೇಲೆ ಸುರಿದವು. ಅಲಸಂದೆ, ಹುರುಳಿ, ತೊಗರಿ, ಕಡಲೆ, ಒಣ ಅವರೆ ಎಲ್ಲವೂ ಇದ್ದವು. ಮೂರನೆಯ ತರಗತಿಯ ಹುಡುಗಿಯೊಬ್ಬಳು ಸುಲಿಯದ ಇಡೀ ತೆಂಗಿನಕಾಯಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಬಂದು, ‘ಮಿಸ್, ಇದೂ ಬೀಜವೇ ಅಲ್ಲವೇ?’ ಎಂದಳು. ಅವಳ ಅಜ್ಜ ಪ್ರತಿ ವರ್ಷ ಸಸಿಗೆಂದು ಕಾಯಿ ನೆಡುವವರು. ಆ ಪ್ರಶ್ನೆಗೆ ಉತ್ತರ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದು, ಎರಡು, ಮೂರನೆಯ ತರಗತಿಯ ಹತ್ತೊಂಬತ್ತು ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕುಳಿತು ಕಲಿಯುತ್ತಾರೆ. ಚಟುವಟಿಕೆಗಳ ಮೂಲಕ ಕಲಿಸುವ ಈ ನಲಿ-ಕಲಿ ಪದ್ಧತಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಸರ್ಕಾರಿ ಶಾಲೆಗಳ ಶಿಕ್ಷಕರು ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯೂನಿಸೆಫ್ ನೆರವಿನಿಂದ ತಾವೇ ಕಾರ್ಡುಗಳನ್ನು ಬರೆದು ಇದನ್ನು ಕಟ್ಟಿದರು. ಶಿಕ್ಷಕರ ಕೈಯಿಂದಲೇ ಹುಟ್ಟಿದ ಪದ್ಧತಿ ಇದು ಎನ್ನುವುದು ನನಗೆ ಇವತ್ತಿಗೂ ಹೆಮ್ಮೆಯ ವಿಷಯ. ಗೋಡೆಯ ಮೇಲೆ ಕಲಿಕಾ ಏಣಿ, ಮಕ್ಕಳ ಎತ್ತರಕ್ಕೆ ಗೋಡೆಯ ಕೆಳಭಾಗದಲ್ಲಿ ಕಪ್ಪು ಹಲಗೆ, ತಲೆಯ ಮೇಲೆ ದಾರ ಕಟ್ಟಿದ ಚಪ್ಪರ. ಮಕ್ಕಳು ಬರೆದದ್ದು, ಬಿಡಿಸಿದ್ದು ಆ ಚಪ್ಪರದಲ್ಲಿ ತೂಗುತ್ತಿರುತ್ತದೆ. ಪ್ರತಿ ಮಗುವೂ ತನ್ನದೇ ವೇಗದಲ್ಲಿ ಏಣಿಯ ಮೆಟ್ಟಿಲು ಹತ್ತುತ್ತದೆ.

ಆದರೆ ಬೀಜಗಳು ಏಣಿಯನ್ನು ಕೇಳುವುದಿಲ್ಲ.

ಒಂದನೆಯ ತರಗತಿಯ ಪುಟ್ಟ ಹುಡುಗಿ ಅಮ್ಮನ ಹಳೆಯ ಸೀರೆಯ ತುಂಡಿನಲ್ಲಿ ರಾಗಿ ಗಂಟು ಕಟ್ಟಿಕೊಂಡು ಬಂದಿದ್ದಳು. ಅಲ್ಲಿಯವರೆಗೆ ಅವಳು ತರಗತಿಯಲ್ಲಿ ಬಾಯಿ ತೆರೆದದ್ದು ಹಾಜರಿ ಹೇಳುವುದಕ್ಕೆ ಮಾತ್ರ. ನಮ್ಮಲ್ಲಿ ಅಕ್ಷರ ಕಲಿಕೆ ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ ಎಂದು ಶುರುವಾಗುತ್ತದೆ. ಬರೆಯಲು ಸುಲಭವಾದ ಈ ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ, ಗರಗಸ ಎಲ್ಲವೂ ಆಗುತ್ತವೆ. ಶಾಲೆಗೆ ಬಂದ ಕೆಲವೇ ವಾರಗಳಲ್ಲಿ ಮಗು ‘ನಾನು ಓದಿದೆ’ ಎನ್ನಬಹುದು. ಅವಳ ಬಳಿ ಆಗ ಇದ್ದದ್ದು ಈ ಐದು ಅಕ್ಷರಗಳು ಮಾತ್ರ. ಕಾಗುಣಿತ ಇನ್ನೂ ಎಷ್ಟೋ ಮೆಟ್ಟಿಲು ಮೇಲಿತ್ತು.

ಪ್ರತಿ ಬೀಜಕ್ಕೂ ಒಂದು ಹೆಸರಿನ ಚೀಟಿ ಬೇಕೆಂದು ಮಕ್ಕಳೇ ತೀರ್ಮಾನಿಸಿದರು. ದೊಡ್ಡವರು ತಮ್ಮತಮ್ಮದನ್ನು ಬರೆದುಕೊಂಡರು. ‘ನಿನ್ನದನ್ನು ನಾನು ಬರೆದುಕೊಡುತ್ತೇನೆ’ ಎಂದು ಮೂರನೆಯ ತರಗತಿಯ ಹುಡುಗ ಕೈಚಾಚಿದಾಗ ಇವಳು ಚೀಟಿಯನ್ನು ಎದೆಗೆ ಒತ್ತಿಕೊಂಡಳು. ಗೋಡೆಯ ಕಡೆಗೆ ತಿರುಗಿ ಕುಳಿತು, ನಾಲಿಗೆ ಕಚ್ಚಿಕೊಂಡು, ಬಹಳ ಹೊತ್ತು ಬರೆದಳು. ‘ರಗ.’

ತಿದ್ದಬೇಕೆಂದು ನನ್ನ ಕೈ ಮುಂದೆ ಹೋಗಿತ್ತು. ಹದಿನಾರು ವರ್ಷ ಕೆಂಪು ಪೆನ್ನು ಹಿಡಿದ ಕೈ ಅದು. ತಡೆದೆ. ತನಗೆ ಗೊತ್ತಿದ್ದ ಎರಡು ಅಕ್ಷರಗಳನ್ನು ಆ ಶಬ್ದದೊಳಗಿನಿಂದ ಕಿವಿಯಿಂದಲೇ ಹೆಕ್ಕಿ ತೆಗೆದಿದ್ದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಚೀಟಿ ಹಾಗೆಯೇ ಚಪ್ಪರಕ್ಕೆ ಹೋಯಿತು, ಅಲಸಂದೆಯ ಚೀಟಿಯ ಪಕ್ಕದಲ್ಲಿ. ಮುಂದೆ ಶಾಲೆಗೆ ಬಂದಿದ್ದ ಅಧಿಕಾರಿಯೊಬ್ಬರು ತಲೆಯೆತ್ತಿ ನೋಡಿ, ‘ತಪ್ಪು ಬರಹವನ್ನು ಹೀಗೆ ತೂಗುಹಾಕಬಹುದೇ?’ ಎಂದು ಕೇಳಿದರು. ಅದು ತಪ್ಪಲ್ಲ, ಅರ್ಧ ದಾರಿ ಎಂದು ಹೇಳಿದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ನಾನೂ ಚೀಟಿಯನ್ನು ಇಳಿಸಲಿಲ್ಲ.

ಬಿತ್ತುವುದಕ್ಕೆ ತೆಂಗಿನ ಕರಟಗಳನ್ನು ಬಳಸಿದೆವು. ಕಣ್ಣಿರುವ ಹೋಳನ್ನೇ ಆರಿಸಿಕೊಳ್ಳಬೇಕು; ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದನ್ನು ಕಡ್ಡಿಯಿಂದ ಚುಚ್ಚಿದರೆ ಹೆಚ್ಚಿನ ನೀರು ಇಳಿದುಹೋಗುತ್ತದೆ. ಬೇರು ಕಾಣಲೆಂದು ಕೆಲವು ಬೀಜಗಳನ್ನು ಗಾಜಿನ ಲೋಟದ ಒಳಗೋಡೆಗೆ ಒದ್ದೆ ಕಾಗದದಿಂದ ಒತ್ತಿ ಇಟ್ಟೆವು.

ಎರಡನೆಯ ತರಗತಿಯ ಹುಡುಗನೊಬ್ಬ ಮನೆಯಿಂದ ಏನೂ ತಂದಿರಲಿಲ್ಲ. ನಾನು ನೋಡದಿದ್ದಾಗ ಬಿಸಿಯೂಟದ ಅಡುಗೆಮನೆಗೆ ಹೋಗಿ, ಅಡುಗೆಯ ಅಮ್ಮನ ಬಳಿ ಒಂದು ಹಿಡಿ ತೊಗರಿಬೇಳೆ ಬೇಡಿ ತಂದು ಬಿತ್ತಿದ. ನಾಲ್ಕನೆಯ ದಿನ ಎಲ್ಲರ ಕರಟಗಳಲ್ಲೂ ಏನಾದರೊಂದು ಅಲುಗಾಟ ಕಂಡಿತು. ಇವನದು ಮಾತ್ರ ಸುಮ್ಮನೆ ಕುಳಿತಿತ್ತು. ಆರನೆಯ ದಿನ ವಾಸನೆ ಬರತೊಡಗಿತು. ಅಳುಮುಖ ಮಾಡಿಕೊಂಡು ಬಂದ. ‘ಬೇಳೆ ಮೊಳೆಯುವುದಿಲ್ಲ ಕಣಪ್ಪ’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಅದರ ಬದಲು ಇಡೀ ತೊಗರಿಯನ್ನೂ ಬೇಳೆಯನ್ನೂ ಅವನ ಅಂಗೈಯಲ್ಲಿ ಇಟ್ಟು, ‘ಇವೆರಡಕ್ಕೂ ಏನು ವ್ಯತ್ಯಾಸ?’ ಎಂದು ಕೇಳಿದೆ.

‘ಇದಕ್ಕೆ ಅಂಗಿ ಇಲ್ಲ’ ಎಂದ.

ಅಂದಿನಿಂದ ಒಂದು ವಾರ ನಮ್ಮ ತರಗತಿ ಅಂಗಿಯ ಸುತ್ತಲೇ ಸುತ್ತಿತು. ಅಂಗಿ ಬಿಚ್ಚಿದರೆ ಬೀಜ ಸಾಯುತ್ತದೆಯೇ? ನೋಡಿಯೇಬಿಡೋಣ ಎಂದು ಒಣ ಅವರೆಯನ್ನು ನೆನೆಹಾಕಿದೆವು. ಸಿಪ್ಪೆ ತೆಗೆಯಲು ನಾನು ಹೇಳಿಕೊಡಬೇಕಾಗಲಿಲ್ಲ. ಅವರೆಕಾಯಿ ಕಾಲದಲ್ಲಿ ಸಾರಿಗೆ ಕಾಳು ಹಿತುಕಿದ ಕೈಗಳು ಅವು; ಹೆಬ್ಬೆರಳು, ತೋರುಬೆರಳು ಒತ್ತಿದರೆ ಬೇಳೆ ಚಿಮ್ಮಿ ಎದುರಿಗಿದ್ದವರ ಹಣೆಗೆ ಬಡಿಯುತ್ತಿತ್ತು. ಅಂಗಿ ಬಿಚ್ಚಿದ ಆದರೆ ಎರಡಾಗಿ ಬೇರ್ಪಡದ ಕಾಳುಗಳನ್ನು ಒಂದು ಒದ್ದೆ ಬಟ್ಟೆಯಲ್ಲಿ, ಬಿಡಿಸಿದ ಹೋಳುಗಳನ್ನು ಇನ್ನೊಂದರಲ್ಲಿ ಇಟ್ಟೆವು. ಮೂರನೆಯ ಬೆಳಿಗ್ಗೆ ಬಿಚ್ಚಿ ನೋಡಿದರೆ ಅಂಗಿ ಇಲ್ಲದ ಇಡೀ ಕಾಳುಗಳು ಮೊಳೆತಿದ್ದವು. ಹೋಳುಗಳಲ್ಲಿ ಹೆಚ್ಚಿನವು ಮೊಳೆತಿರಲಿಲ್ಲ, ಆದರೆ ಒಂದೆರಡರಲ್ಲಿ ಪುಟ್ಟ ಬಿಳಿಯ ಬಾಲ ಹೊರಟಿತ್ತು. ಆ ಹುಡುಗ ಅವುಗಳನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ‘ಮಿಸ್, ಮೂಗು ಇರುವುದು ಮಾತ್ರ ಬಂದಿದೆ!’ ಎಂದು ಕೂಗಿದ. ಎರಡು ಹೋಳುಗಳ ನಡುವೆ ಅಂಟಿಕೊಂಡಿರುವ ಸಣ್ಣ ಮೂಗಿನಂಥ ಭ್ರೂಣ, ಬಿಡಿಸುವಾಗ ಯಾವ ಹೋಳಿನ ಪಾಲಿಗೆ ಹೋಯಿತೋ ಆ ಹೋಳು ಮೊಳೆತಿತ್ತು. ಗಿರಣಿಯಲ್ಲಿ ಬೇಳೆ ಒಡೆಯುವಾಗ ಅದು ಮುರಿದು ಉದುರಿಹೋಗುತ್ತದೆ. ಅವನು ಅಡುಗೆಮನೆಗೆ ಓಡಿಹೋಗಿ, ಬೇಳೆಗೆ ಮೂಗಿಲ್ಲವೆಂದು ಅಡುಗೆಯ ಅಮ್ಮನಿಗೆ ತಿಳಿಸಿ ಬಂದ. ಆ ಅಮ್ಮ ಮೊರದಲ್ಲಿದ್ದ ಬೇಳೆಯನ್ನು ಕೈಯಾಡಿಸಿ ನೋಡಿ, ‘ಹೌದಲ್ಲ, ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ’ ಎಂದರು.

ಇದನ್ನು ಪಾಠವಾಗಿ ಹೇಳಿದ್ದರೆ ಐದು ನಿಮಿಷ ಸಾಕಿತ್ತು. ಹತ್ತು ದಿನ ಹಿಡಿಯಿತು. ಆ ಹತ್ತು ದಿನಗಳಲ್ಲಿ ಒಂದನ್ನೂ ನಾನು ವ್ಯರ್ಥವೆಂದು ಒಪ್ಪಲಾರೆ.

ಇನ್ನೂ ಒಂದು ಜಗಳ ಎದ್ದಿತ್ತು. ಅಲಸಂದೆ ಬಿತ್ತಿದವರು, ಬೀಜ ಮಣ್ಣಿನಿಂದ ಮೇಲೆ ಬರುತ್ತದೆ ಎಂದರು. ಕಡಲೆ ಬಿತ್ತಿದವರು, ಬೀಜ ಒಳಗೇ ಇರುತ್ತದೆ ಎಂದರು. ಎರಡು ಗುಂಪುಗಳೂ ತಮ್ಮ ಕರಟ ಹಿಡಿದುಕೊಂಡು ನನ್ನ ಬಳಿಗೆ ತೀರ್ಪಿಗೆ ಬಂದವು. ಇಬ್ಬರೂ ಸರಿ. ಅಲಸಂದೆ, ಅವರೆ, ಹುರುಳಿ ತಮ್ಮ ಬೀಜದಳಗಳನ್ನು ತಲೆಯ ಮೇಲೆ ಹೊತ್ತುಕೊಂಡು ಏಳುತ್ತವೆ. ಕಡಲೆ, ತೊಗರಿ ಅವನ್ನು ಮಣ್ಣಿನಲ್ಲೇ ಬಿಟ್ಟು ಚಿಗುರನ್ನು ಮಾತ್ರ ಕಳುಹಿಸುತ್ತವೆ. ನಾನು ತೀರ್ಪು ಹೇಳದೆ ಕರಟಗಳನ್ನು ಅದಲುಬದಲು ಮಾಡಿಸಿದೆ. ‘ಹುಣಸೆ ಹೇಗೆ?’ ಎಂದು ಒಬ್ಬ ಕೇಳಿದ. ಹುಣಸೆ ಇನ್ನೂ ಎದ್ದೇ ಇರಲಿಲ್ಲ. ಅದರ ಸಿಪ್ಪೆ ಗಟ್ಟಿ. ಚೌಕಾಬಾರ ಆಡಲೆಂದು ಕಲ್ಲಿಗೆ ಉಜ್ಜಿದ್ದ ಒಂದು ಬೀಜ ಮಾತ್ರ, ಉಳಿದವಕ್ಕಿಂತ ಮೊದಲು ಬಾಯಿಬಿಟ್ಟಿತು. ಉಜ್ಜಿದ ಜಾಗದಿಂದ ನೀರು ಒಳಗೆ ಹೋಗಿತ್ತು.

ಗಣಿತ ತಾನಾಗಿಯೇ ಬಂತು. ದಿನವೂ ಸಸಿಯ ಎತ್ತರಕ್ಕೆ ಒಂದು ಉಣ್ಣೆಯ ದಾರ ಕತ್ತರಿಸಿ ಹಾಳೆಯ ಮೇಲೆ ಸಾಲಾಗಿ ಅಂಟಿಸಿದರು. ಶನಿವಾರ ಅಂಟಿಸಿದ ದಾರಕ್ಕೂ ಸೋಮವಾರದ ದಾರಕ್ಕೂ ನಡುವೆ ದೊಡ್ಡ ನೆಗೆತ ಕಂಡಾಗ, ‘ಭಾನುವಾರ ನಾವಿಲ್ಲದಿದ್ದರೂ ಬೆಳೆದಿದೆ’ ಎಂದು ಒಬ್ಬಳು ಖಾಲಿ ಜಾಗ ಬಿಟ್ಟು ಅಂಟಿಸಿದಳು.

ಜುಲೈ ಕೊನೆಗೆ ಊರಿನಲ್ಲಿ ರಾಗಿ ಬಿತ್ತನೆ ನಡೆಯಿತು. ಕೂರಿಗೆಯ ಹಿಂದೆ ನಡೆದು ಬಂದ ಮಕ್ಕಳು ಮರುದಿನ ನನಗೆ ಅಕ್ಕಡಿಯ ವಿಚಾರ ಹೇಳಿದರು: ರಾಗಿಯ ಸಾಲುಗಳ ನಡುವೆ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ನಮ್ಮ ಚಪ್ಪರದ ಚೀಟಿಗಳಲ್ಲಿ ಐದು ಒಂದೇ ಹೊಲದಲ್ಲಿ ಇವೆ ಎಂದು ಅವರೇ ಎಣಿಸಿದರು.

ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಆ ಪುಟ್ಟ ಹುಡುಗಿ ಕೈಯಲ್ಲಿ ಒಂದು ಹಸಿರು ರಾಗಿ ತೆನೆ ಹಿಡಿದು ಬಂದಳು. ರಜೆಗೆ ಮುಂಚೆ ಅವಳು ಕಾಗುಣಿತದ ಮೆಟ್ಟಿಲಿಗೆ ಬಂದಿದ್ದಳು. ತೆನೆಯನ್ನು ಕಟ್ಟಲು ತನ್ನ ಚೀಟಿಯನ್ನು ಇಳಿಸಿಕೊಡಿ ಎಂದು ಕೇಳಿದಳು. ಇಳಿಸಿಕೊಟ್ಟೆ. ಚೀಟಿಯನ್ನು ಮಡಿಲಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ‘ಮಿಸ್, ಇದಕ್ಕೆ ಇಳಿ ಬೇಕು. ಇದಕ್ಕೆ ಗುಡಿಸು ಬೇಕು’ ಎಂದು ಪೆನ್ಸಿಲ್ ಕೇಳಿದಳು. ಇಳಿಗೆ ಎರಡು ಅಕ್ಷರಗಳ ನಡುವೆ ಜಾಗ ಸಾಲದೆ ಓರೆಯಾಗಿ ಬರೆದಳು. ಗುಡಿಸು ದೊಡ್ಡದಾಗಿ ಚೀಟಿಯ ಅಂಚಿಗೆ ತಾಗಿತು. ಮತ್ತೆ ಚಪ್ಪರಕ್ಕೆ ಕಟ್ಟುವಾಗ ತೆನೆಯ ಭಾರಕ್ಕೆ ದಾರ ಬಾಗಿ, ಆ ಚೀಟಿ ಈಗ ಅವಳ ಕೈಗೆಟುಕುವಷ್ಟು ಕೆಳಗೆ ತೂಗುತ್ತಿದೆ.