ಕಾಯಿಲ್ ಬಿಚ್ಚುವ ಮುಂಚೆ ಒಂದು ಭಾಗಾಕಾರ

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಎಲೆಕ್ಟ್ರಿಷಿಯನ್ ಫೋನಿಗೆ ಬರುವ ದೂರು ಒಂದೇ: "ಅಣ್ಣಾ, ಗೀಸರ್ ಹಾಕಿ ಅರ್ಧ ಗಂಟೆ ಆಯ್ತು, ನೀರು ಸರಿಯಾಗಿ ಕಾದೇ ಇಲ್ಲ." ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಹೋದವರೇ ಕಾಯಿಲ್ ಬಿಚ್ಚುತ್ತಾರೆ. ಅದಕ್ಕೂ ಮುಂಚೆ ಮಾಡಬೇಕಾದ್ದು ಒಂದು ಭಾಗಾಕಾರ, ಒಂದು ಗುಣಾಕಾರ.

ಮೊದಲು ಮಾತಿನ ಗೊಂದಲ ಬಿಡಿಸಿಕೊಳ್ಳೋಣ. ನಮ್ಮಲ್ಲಿ ಟೆಸ್ಟರ್ ಹೊಳೆದರೆ "ಕರೆಂಟ್ ಇದೆ" ಅನ್ನುತ್ತೇವೆ. ಅದು ಹೇಳುವುದು ವೋಲ್ಟೇಜ್ ಇದೆ ಅಂತ ಮಾತ್ರ. ಲೆಕ್ಕದ ಕರೆಂಟ್ ಅಂದರೆ ಆಂಪ್, ಅದು ಲೋಡ್ ಓಡುವಾಗಷ್ಟೇ ಇರುತ್ತದೆ. ವೋಲ್ಟ್ ಅನ್ನು ಆಂಪ್‌ನಿಂದ ಭಾಗಿಸಿದರೆ ಓಮ್ (ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಇರುವ ತಡೆ), ಎರಡನ್ನೂ ಗುಣಿಸಿದರೆ ವ್ಯಾಟ್. ಎಂಟನೇ ಕ್ಲಾಸಿನ ಹುಡುಗನೂ ಮಾಡುತ್ತಾನೆ. ತಪ್ಪುವುದು ಗಣಿತದಲ್ಲಲ್ಲ, ಆ ಎರಡು ಸಂಖ್ಯೆಗಳನ್ನು ಎಲ್ಲಿ, ಯಾವಾಗ ಅಳೆದೆವು ಎಂಬಲ್ಲಿ.

2000 ವ್ಯಾಟ್, 230 ವೋಲ್ಟ್ ಎಂದು ಬರೆದ ಗೀಸರ್ ತೆಗೆದುಕೊಳ್ಳಿ. ಲೇಬಲ್ ಪ್ರಕಾರ 8.7 ಆಂಪ್, ಕಾಯಿಲ್ 26.45 ಓಮ್. ತಯಾರಿಕೆಯ ಏರುಪೇರು ಸೇರಿಸಿದರೆ 25ರಿಂದ 29 ಓಮ್ ಒಳಗೆ ಬಂದದ್ದು ಸರಿಯಾದ ಕಾಯಿಲ್. ಈಗ ಗೀಸರ್ ಆನ್ ಇರುವಾಗಲೇ ಅದರ ಟರ್ಮಿನಲ್‌ನಲ್ಲಿ ವೋಲ್ಟ್ ನೋಡಿ: 204 ಬಂತು. ವೈರನ್ನು ಸುತ್ತಿ ಹಿಡಿದು ಆಂಪ್ ಅಳೆಯುವ ಕ್ಲಾಂಪ್ ಮೀಟರಿನಲ್ಲಿ 7.7 ಆಂಪ್. ಭಾಗಿಸಿದರೆ 26.5 ಓಮ್. ಕಾಯಿಲ್ ಗಟ್ಟಿಯಾಗಿದೆ. ಗುಣಿಸಿದರೆ 1571 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇಕಡ 11, ವ್ಯಾಟ್ ಇಳಿದದ್ದು ಶೇಕಡ 21, ಏಕೆಂದರೆ ವೋಲ್ಟ್ ಇಳಿದಾಗ ಆಂಪ್ ಕೂಡ ಇಳಿಯುತ್ತದೆ. 25 ಲೀಟರ್ ನೀರು 20 ಡಿಗ್ರಿಯಿಂದ 60ಕ್ಕೆ ಏರಲು 2000 ವ್ಯಾಟ್‌ನಲ್ಲಿ ಸುಮಾರು 35 ನಿಮಿಷ, 1571ರಲ್ಲಿ 44. ಮನೆಯವರ ದೂರು ನಿಜವೇ, ಆದರೆ ಹೊಸ ಕಾಯಿಲ್ ಹಾಕಿದರೂ ಅದೇ 44 ನಿಮಿಷ.

ಕ್ಲಾಂಪ್ ಹಾಕುವಾಗ ಫೇಸ್ ಒಂದನ್ನೇ ಹಿಡಿಯಿರಿ. ಇಡೀ ಕೇಬಲ್ ಹಿಡಿದರೆ ಫೇಸ್, ನ್ಯೂಟ್ರಲ್ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ತೋರಿಸುತ್ತದೆ. "ಲೋಡ್ ತಗೊಳ್ತಾನೇ ಇಲ್ಲ ಸಾರ್" ಎಂಬ ವರದಿ ಬಹಳ ಸಲ ಹುಟ್ಟುವುದು ಇಲ್ಲೇ. ಮಲ್ಟಿಮೀಟರ್‌ನ ಕೆಂಪು ವೈರನ್ನು 10 ಆಂಪ್ ತೂತಿನಲ್ಲಿ ಮರೆತು ಸಾಕೆಟ್‌ಗೆ ಚುಚ್ಚಿದರೆ ಅದು ನೇರ ಶಾರ್ಟ್, ಫ್ಯೂಸ್ ಹಾರಿದರೆ ಪುಣ್ಯ. ಓಮ್ ರೇಂಜಿನಲ್ಲಿ ಅಳೆಯುವುದಿದ್ದರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಇಳಿಸಿ, ಕಾಯಿಲ್‌ನ ಎರಡೂ ವೈರ್ ಬಿಚ್ಚಿ, ಮೀಟರ್ ವೈರಿನ 0.2–0.5 ಓಮ್ ಕಳೆಯಿರಿ.

ಇನ್ನು ವೋಲ್ಟೇಜ್ ಕಳೆದುಹೋದದ್ದು ಎಲ್ಲಿ? ಲೋಡ್ ಓಡುವಾಗ ಡಿಬಿಯಲ್ಲಿಯೂ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಅಷ್ಟೇ ಕಡಿಮೆಯಿದ್ದರೆ ತೊಂದರೆ ಡಿಬಿಗಿಂತ ಹಿಂದೆ, ಮೀಟರ್ ಕಡೆ ಅಥವಾ ಬೀದಿ ಲೈನಿನಲ್ಲಿ. ಡಿಬಿಯಲ್ಲಿ 226 ಇದ್ದು ಗೀಸರ್ ಹತ್ತಿರ 215 ಇದ್ದರೆ ನಿಜವಾಗಿ ಹೆದರಬೇಕು. 11 ವೋಲ್ಟ್ ದಾರಿಯಲ್ಲಿ ಹೋಗುತ್ತಿದೆ, ಹರಿಯುವುದು 8.1 ಆಂಪ್. ಅಂದರೆ ದಾರಿಯ ರೆಸಿಸ್ಟೆನ್ಸ್ 1.36 ಓಮ್. 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಕಿಲೋಮೀಟರಿಗೆ ಸುಮಾರು 7.4 ಓಮ್. 20 ಮೀಟರ್ ದೂರ, ಹೋಗಿ ಬರುವುದು 40 ಮೀಟರ್, ಹಾಗಾಗಿ ವೈರಿನ ಪಾಲು 0.3 ಓಮ್ ಮಾತ್ರ. ಉಳಿದ ಒಂದು ಓಮ್ ಯಾವುದೋ ಲೂಸ್ ಸ್ಕ್ರೂನಲ್ಲಿ ಕೂತಿದೆ. ಆ ಜಾಗದಲ್ಲಿ ಹುಟ್ಟುತ್ತಿರುವ ಬಿಸಿ ಸುಮಾರು 70 ವ್ಯಾಟ್. ಎಸ್.ಪಿ. ರಸ್ತೆಯಲ್ಲಿ ಸಿಗುವ 25 ವ್ಯಾಟ್ ಸೋಲ್ಡರಿಂಗ್ ಐರನ್‌ಗಳಲ್ಲಿ ಮೂರನ್ನು ಸ್ವಿಚ್ ಬಾಕ್ಸ್ ಒಳಗೆ ತುರುಕಿದ ಹಾಗೆ. ಎಂಸಿಬಿಗೆ ಇದು ಕಾಣುವುದೇ ಇಲ್ಲ, ಅದರ ಲೆಕ್ಕದಲ್ಲಿ ಕರೆಂಟ್ ಕಡಿಮೆಯೇ ಇದೆ.

ಆ ಸ್ಕ್ರೂ ಹುಡುಕಲು ಗೀಸರ್ ಆನ್ ಇರಲಿ. ಒಂದು ಪ್ರೋಬ್ ಸ್ವಿಚ್‌ನ ಒಳಬರುವ ಸ್ಕ್ರೂಗೆ ಸಿಕ್ಕ ತಾಮ್ರದ ಮೇಲೆ, ಇನ್ನೊಂದು ಹೊರಹೋಗುವ ತಾಮ್ರದ ಮೇಲೆ. ಒಳ್ಳೆಯ ಸ್ವಿಚ್ ಆದರೆ ಸಾಮಾನ್ಯವಾಗಿ 0.1 ವೋಲ್ಟ್ ಆಸುಪಾಸು, ಇಲ್ಲವೇ ಅದಕ್ಕೂ ಕಡಿಮೆ. ಎಂಟು ವೋಲ್ಟ್ ಕಂಡರೆ ಕಳ್ಳ ಸಿಕ್ಕ. ಮೀಟರನ್ನು 600 ವೋಲ್ಟ್ ರೇಂಜಿನಲ್ಲೇ ಶುರು ಮಾಡಿ, ಥರ್ಮೋಸ್ಟಾಟ್ ಕಟ್ ಆದ ಕ್ಷಣ ಎಲ್ಲೆಡೆ ಸೊನ್ನೆ ಬಂದು ಮೋಸ ಹೋಗಬಹುದು, ನಿಗಾ ಇರಲಿ. ಸಾಕೆಟ್, ಪ್ಲಗ್ ಟಾಪ್, ನ್ಯೂಟ್ರಲ್ ಬಾರ್ ಎಲ್ಲವನ್ನೂ ಹೀಗೇ ನೋಡಬೇಕು. ನ್ಯೂಟ್ರಲ್ ಬಿಟ್ಟುಬಿಡುವವರೇ ಹೆಚ್ಚು. ಸಿಕ್ಕ ಮೇಲೆ ಎಂಸಿಬಿ ಇಳಿಸಿ, ಕಪ್ಪಾದ ವೈರ್ ತುದಿ ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿ. ಕಪ್ಪಾದ ಸಾಕೆಟ್ ಬದಲಿಸಿ, ಉಜ್ಜಿ ಮತ್ತೆ ಹಾಕಬೇಡಿ. ಒಮ್ಮೆ ಕಾದ ಸ್ಪ್ರಿಂಗ್ ಹಿತ್ತಾಳೆಗೆ ಮತ್ತೆ ಹಿಡಿತ ಬರುವುದಿಲ್ಲ.

ಬೋರ್ ನೀರಿನ ಉಪ್ಪು ಕಟ್ಟಿದರೆ ಕಾಯಿಲ್‌ನ ಓಮ್ ಬದಲಾಗುವುದಿಲ್ಲ, ಈ ಲೆಕ್ಕಕ್ಕೆ ಅದು ಸಿಗದು. ಕಾಯಿಲ್ ಒಳಗೇ ಹೆಚ್ಚು ಕಾದು ಬೇಗ ಸಾಯುತ್ತದೆ, ಅಷ್ಟೆ.

ಇಷ್ಟೆಲ್ಲ ನಡೆಯುವುದು ಗೀಸರ್, ಇಸ್ತ್ರಿ ಪೆಟ್ಟಿಗೆಯಂಥ ಬಿಸಿ ಮಾಡುವ ಸಾಮಾನಿಗೆ. ಸಂಪ್ ಮೋಟರಿಗೆ ಇದೇ ಸೂತ್ರ ಹಚ್ಚಿದರೆ ಕೆಟ್ಟಿರಿ. 230 ವೋಲ್ಟ್, 7 ಆಂಪ್ ಎಂದರೆ 33 ಓಮ್ ಬರುತ್ತದೆ, ಆದರೆ ವೈಂಡಿಂಗ್ ಅಳೆದರೆ ಕೆಲವೇ ಓಮ್. ಗುಣಿಸಿದ 1610 ಕೂಡ ವ್ಯಾಟ್ ಅಲ್ಲ, ಪವರ್ ಫ್ಯಾಕ್ಟರ್‌ನಿಂದ (ಮೋಟರಿನಲ್ಲಿ ಒಂದಕ್ಕಿಂತ ಕಡಿಮೆ ಇರುವ ಸಂಖ್ಯೆ) ಇನ್ನೂ ಗುಣಿಸದ ವೋಲ್ಟ್-ಆಂಪ್. ವೋಲ್ಟೇಜ್ ಇಳಿದರೆ ಲೋಡ್ ಹೊತ್ತ ಮೋಟರ್ ಆಂಪ್ ಏರಿಸುತ್ತದೆ, ಗೀಸರ್‌ಗೆ ನೇರ ಉಲ್ಟಾ. ಮೋಟರಿನ ನಿಜವಾದ ವ್ಯಾಟ್ ಬೇಕಿದ್ದರೆ ಉಳಿದೆಲ್ಲ ಆಫ್ ಮಾಡಿ ಕರೆಂಟ್ ಮೀಟರಿನ ಕೆಂಪು ದೀಪ ಎಣಿಸಿ. ಮೀಟರ್ ಮೇಲೆ ಯೂನಿಟ್‌ಗೆ 3200 ಇಂಪಲ್ಸ್ ಎಂದಿದ್ದರೆ, ಹತ್ತು ಮಿನುಗಿಗೆ ಹಿಡಿದ ಸೆಕೆಂಡುಗಳಿಂದ 11250ನ್ನು ಭಾಗಿಸಿದರೆ ವ್ಯಾಟ್ ಸಿಗುತ್ತದೆ. ಹತ್ತು ಸೆಕೆಂಡ್ ಹಿಡಿದರೆ 1125. ಮೊದಲ ಮಿನುಗನ್ನು ಸೊನ್ನೆ ಎಂದು ಎಣಿಸಿ, ಒಂದು ಎಂದಲ್ಲ.